ಗ್ಲುಟೆನ್ ಇಲ್ಲದ ಬ್ರೆಡ್: ಮಾರುವುದು ಬೇಡ, ಮಾಡುವುದನ್ನು ಹೇಳಿಕೊಡೋಣ

ಈಚೆಗೆ ನಮ್ಮ ಉದ್ಯಮದವರು ನಾಲ್ಕು ಜನ ಸೇರಿದಲ್ಲಿ ಒಂದು ಮಾತು ಬಂದೇ ಬರುತ್ತದೆ. ಮೆನು ಕಾರ್ಡಿನಲ್ಲಿ 'ಗ್ಲುಟೆನ್ ಫ್ರೀ' ಎಂದು ಒಂದು ಸಾಲು ಸೇರಿಸಿದರೆ ಹೇಗೆ? ಅಕ್ಕಿ ಹಿಟ್ಟಿನದೋ ಜೋಳದ ಹಿಟ್ಟಿನದೋ ಬ್ರೆಡ್ ಮಾಡಿ ಸ್ಯಾಂಡ್‌ವಿಚ್, ಟೋಸ್ಟ್ ಕೊಟ್ಟರೆ ಮಾಮೂಲಿನದಕ್ಕಿಂತ ಹೆಚ್ಚು ರೇಟು ಹಾಕಬಹುದಲ್ಲ? ಮುಂಬಯಿ, ಪುಣೆ, ದೆಹಲಿಯ ಗಿರಾಕಿಗಳು ಕೇಳುತ್ತಿದ್ದಾರೆ, ಪೇಟೆಯಲ್ಲಿ ಅಂಥ ಬ್ರೆಡ್ ಸಾದಾ ಬ್ರೆಡ್ಡಿಗಿಂತ ಎಷ್ಟೋ ಪಟ್ಟು ಬೆಲೆಗೆ ಹೋಗುತ್ತಿದೆ, ನಾವೇಕೆ ಬಿಡಬೇಕು ಎಂಬುದು ವಾದ.

ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಪರೋಟ, ಪಾವ್, ಸಮೋಸ ನಡೆಯುವ ನಮ್ಮ ಅಡುಗೆ ಮನೆಯಲ್ಲಿ ಗ್ಲುಟೆನ್ ಇಲ್ಲದ ಬ್ರೆಡ್ ಮಾಡಿ ಮಾರಬಾರದು. ಅದು ಬೇಕಾದ ಮನೆಯವರಿಗೆ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂದು ಹೇಳಿಕೊಡಬೇಕು, ಅದೂ ಧರ್ಮಾರ್ಥವಾಗಿ. ವ್ಯಾಪಾರಸ್ಥರಾಗಿ ಹೀಗೆ ಹೇಳುತ್ತಾರಲ್ಲ ಎಂದು ಕೆಲವರು ನಗಬಹುದು. ಕಾರಣಗಳನ್ನು ಓದಿದ ಮೇಲೆ ನಗಲಿ.

ಮೊದಲು ಗ್ಲುಟೆನ್ ಎಂದರೆ ಏನೆಂದು ನೋಡೋಣ. ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿ ಇರುವ ಒಂದು ಬಗೆಯ ಪ್ರೊಟೀನು ಅದು. ಪರೋಟದ ಹಿಟ್ಟನ್ನು ನಾದಿ, ಎಣ್ಣೆ ಸವರಿ, ಎಳೆದು ಬೀಸಿದಾಗ ಹರಿಯದೆ ಬಟ್ಟೆಯ ಹಾಗೆ ಹರಡುತ್ತದಲ್ಲ, ಅದು ಗ್ಲುಟೆನ್ ಮಾಡುವ ಕೆಲಸ. ಅಕ್ಕಿ, ರಾಗಿ, ಜೋಳ, ಸಜ್ಜೆ, ನವಣೆ, ಉದ್ದು, ಕಡಲೆ ಇವುಗಳಲ್ಲಿ ಅದು ಇಲ್ಲ. ಹೆಚ್ಚಿನವರಿಗೆ ಗೋಧಿಯಿಂದ ಏನೂ ತೊಂದರೆಯಿಲ್ಲ. ಆದರೆ ಸೀಲಿಯಾಕ್ ಎಂಬ ಕಾಯಿಲೆ ಇರುವವರಿಗೆ ಗ್ಲುಟೆನ್ ಹೊಟ್ಟೆಗೆ ಹೋದರೆ ಶರೀರ ತನ್ನ ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡಿಕೊಳ್ಳುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ಮಕ್ಕಳು ಬೆಳೆಯುವುದಿಲ್ಲ, ರಕ್ತ ಕಡಿಮೆಯಾಗುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ಗುಣಪಡಿಸುವ ಮಾತ್ರೆ ಇದುವರೆಗೆ ಇಲ್ಲ. ಜೀವಮಾನ ಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ.

ಇದನ್ನು ಕಂಡುಹಿಡಿದ ಬಗೆ ನಮ್ಮಂಥ ಅನ್ನ ಮಾರುವವರು ತಿಳಿಯತಕ್ಕದ್ದು. ಹಾಲೆಂಡ್ ದೇಶದಲ್ಲಿ ವಿಲ್ಲೆಮ್ ಡಿಕ್ಕೆ ಎಂಬ ಮಕ್ಕಳ ವೈದ್ಯರಿದ್ದರು. ಗೋಧಿಯೇ ಈ ಕಾಯಿಲೆಯ ಮೂಲ ಎಂಬ ಅನುಮಾನ ಅವರಿಗೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಇತ್ತು. 1944-45ರ ಚಳಿಗಾಲದಲ್ಲಿ ಅಲ್ಲಿ ಭೀಕರ ಕ್ಷಾಮ ಬಂದು ಬ್ರೆಡ್ ಸಿಗದಂತಾಯಿತು. ಊರೆಲ್ಲ ಹಸಿವಿನಿಂದ ಸೊರಗಿದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ ಮತ್ತೆ ಬಂದಾಗ ಮತ್ತೆ ಹಾಸಿಗೆ ಹಿಡಿದರು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಬರೆದರು. ಅದೇ ಯುದ್ಧದ ಕಾಲದಲ್ಲಿ ಬೆಂಗಳೂರಿನಲ್ಲಿ ಅಕ್ಕಿಗೆ ಅಭಾವ ಬಂದು ಎಂ.ಟಿ.ಆರ್.ನವರು ರವೆ ಇಡ್ಲಿ ಮಾಡಿದರೆಂಬ ಕತೆ ನಮಗೆಲ್ಲ ಗೊತ್ತಿದ್ದದ್ದೇ. ಅಲ್ಲಿ ಗೋಧಿ ಹೋಗಿ ಮಕ್ಕಳು ಉಳಿದರು, ಇಲ್ಲಿ ಅಕ್ಕಿ ಹೋಗಿ ಇಡ್ಲಿಗೆ ಗೋಧಿ ಬಂತು. ಆದ್ದರಿಂದ ಇಡ್ಲಿ ಎಂದು ಹೆಸರಿದ್ದ ಮಾತ್ರಕ್ಕೆ ಅದರಲ್ಲಿ ಗೋಧಿ ಇಲ್ಲ ಎಂದು ತಿಳಿಯುವ ಹಾಗಿಲ್ಲ.

ಇದು ಪರದೇಶದವರ ಕಾಯಿಲೆ, ನಮ್ಮ ಕಡೆ ಎಲ್ಲಿದೆ ಎಂದು ಕೇಳುವವರಿದ್ದಾರೆ. ನಮ್ಮ ಊರುಗಳ ಮಟ್ಟಿಗೆ ಆ ಮಾತು ಬಹುಪಾಲು ನಿಜ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ದೇಶದ ಬೇರೆ ಬೇರೆ ಭಾಗದ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ ಪರೀಕ್ಷೆ ಮಾಡಿದ್ದರು. ಈ ಕಾಯಿಲೆಯ ಸೂಚನೆ ಉತ್ತರ ಭಾರತದಲ್ಲಿ ನೂರಕ್ಕೆ 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಜನರಲ್ಲಿ ಕಂಡಿತು. ಆದರೆ ನಾವು ಹೋಟೆಲು ಇಟ್ಟಿರುವುದು ಎಲ್ಲಿ? ದೆಹಲಿಯಲ್ಲಿರುವ ನಮ್ಮ ಬಂಧುಗಳ ಗಲ್ಲೆಯ ಮುಂದೆ ದಿನಕ್ಕೆ 500 ಜನ ಹಾದುಹೋದರೆ ಅದರಲ್ಲಿ ಐದಾರು ಜನ ಇಂಥವರಿರಬಹುದು. ಮುಂಬಯಿ, ಪುಣೆ, ಹೈದರಾಬಾದಿನಲ್ಲೂ ಉತ್ತರದ ಕುಟುಂಬಗಳು ನಮ್ಮ ಖಾಯಂ ಗಿರಾಕಿಗಳು. ಮೇಲಾಗಿ ಅವರು ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. 'ಸೌತ್ ಇಂಡಿಯನ್' ಎಂದರೆ ಅಕ್ಕಿ, ಅಲ್ಲಿ ಧೈರ್ಯವಾಗಿ ತಿನ್ನಬಹುದು ಎಂಬ ನಂಬಿಕೆ ಅವರದು. ಆ ನಂಬಿಕೆ ನಮ್ಮ ಹಿರಿಯರು ಗಳಿಸಿಟ್ಟದ್ದು.

ಗ್ಲುಟೆನ್ ಬೇಡ ಎನ್ನುವ ಗಿರಾಕಿಗಳಲ್ಲಿ ಎರಡು ತರಹ ಇದ್ದಾರೆ. ತೂಕ ಇಳಿಸಲಿಕ್ಕೆಂದು, ಯಾರೋ ಹೇಳಿದರೆಂದು ಬಿಟ್ಟವರು ಒಂದು ತರಹ. ಅವರಿಗೆ ಸ್ವಲ್ಪ ಹೆಚ್ಚು ಕಡಿಮೆಯಾದರೆ ಏನೂ ಆಗುವುದಿಲ್ಲ. ಕಾಯಿಲೆಯಿಂದ ಬಿಟ್ಟವರು ಇನ್ನೊಂದು ತರಹ. ಇಬ್ಬರೂ ಅದೇ ಮೇಜಿನಲ್ಲಿ ಕೂರುತ್ತಾರೆ, ಅದೇ ಮಾತು ಹೇಳುತ್ತಾರೆ. ಯಾರು ಯಾವ ತರಹ ಎಂದು ಸಪ್ಲಾಯರ್ ಹುಡುಗನಿಗೆ ಗೊತ್ತಾಗುವುದು ಹೇಗೆ? ಇನ್ನೊಂದು ಮಾತು. ಹಳಸಿದ ಚಟ್ನಿ ಕೊಟ್ಟರೆ ಗಿರಾಕಿ ಅಲ್ಲೇ ಜಗಳಕ್ಕೆ ಬರುತ್ತಾನೆ. ಇದರಲ್ಲಿ ಹಾಗಿಲ್ಲ. ಕೆಲವರಿಗೆ ತಿಂದ ದಿನ ಏನೂ ಗೊತ್ತಾಗುವುದಿಲ್ಲ, ಒಳಗೆ ಕರುಳು ಮಾತ್ರ ಕೆಡುತ್ತಾ ಹೋಗುತ್ತದೆ. ಆದ್ದರಿಂದ 'ಇದುವರೆಗೆ ಒಬ್ಬರೂ ದೂರು ಹೇಳಿಲ್ಲ' ಎಂಬ ಮಾತು ನಮ್ಮ ಧಂಧೆಯಲ್ಲಿ ಬೇರೆಲ್ಲ ಕಡೆ ನಡೆದೀತು, ಇಲ್ಲಿ ನಡೆಯದು.

ಈಗ ನಮ್ಮ ಅಡುಗೆ ಮನೆಯನ್ನು ನಾವೇ ಸ್ವಲ್ಪ ಪರೀಕ್ಷೆ ಮಾಡೋಣ. ಇಡ್ಲಿ ಹಿಟ್ಟಿನಲ್ಲಿ ಅಕ್ಕಿ ಉದ್ದು ಬಿಟ್ಟು ಬೇರೇನೂ ಇಲ್ಲ, ಒಪ್ಪಿದೆವು. ಪಕ್ಕದ ಸಾಂಬಾರಿನಲ್ಲಿ? ಪೇಟೆಯ ಡಬ್ಬದ ಇಂಗು ಶುದ್ಧ ಇಂಗಲ್ಲ. ಇರಾನ್, ಅಫ್ಘಾನಿಸ್ತಾನದಿಂದ ಬರುವ ಅಂಟನ್ನು ಗೋಂದು ಮತ್ತು ಹಿಟ್ಟಿನ ಜೊತೆ ಕಲಸಿ ಮಾಡಿದ್ದು ಅದು. ಆ ಹಿಟ್ಟು ಅನೇಕ ತಯಾರಿಗಳಲ್ಲಿ ಮೈದಾ, ಕೆಲವದರಲ್ಲಿ ಅಕ್ಕಿ ಹಿಟ್ಟು. ಸಾಂಬಾರು, ರಸಂ, ಮಜ್ಜಿಗೆ, ಚಟ್ನಿಯ ಒಗ್ಗರಣೆ ಎಲ್ಲದಕ್ಕೂ ಅದು ಬೀಳುತ್ತದೆ. ದೋಸೆ ಗರಿಯಾಗಲಿ ಎಂದು ಕೆಲವು ಕಡೆ ಹಿಟ್ಟಿಗೆ ಒಂದು ಹಿಡಿ ಮೈದಾ ಅಥವಾ ಚಿರೋಟಿ ರವೆ ಸೇರಿಸುತ್ತಾರೆ. ಸೇರಿಸದಿದ್ದರೂ ಅದೇ ಕಾವಲಿಯಲ್ಲಿ ರವಾ ದೋಸೆ ಹೊಯ್ದು, ಅದೇ ಸಟ್ಟುಗದಲ್ಲಿ ಮಗುಚುತ್ತೇವೆ. ಉದ್ದಿನ ವಡೆಯನ್ನು ಗೋಳಿಬಜೆ, ಸಮೋಸ ಕರಿದ ಎಣ್ಣೆಯಲ್ಲೇ ಬಿಡುತ್ತೇವೆ. ಚೈನೀಸ್ ಇಟ್ಟವರಲ್ಲಿ ಸೋಯಾ ಸಾಸ್ ಇದೆ, ಮಾಮೂಲು ಸೋಯಾ ಸಾಸಿನಲ್ಲಿ ಗೋಧಿ ಇದೆ. ಮಾಲ್ಟ್ ಪಾನೀಯಗಳಲ್ಲಿ ಬಾರ್ಲಿ ಇದೆ.

ಒಂದು ಸಲ ನಮ್ಮ ಹೋಟೆಲಿಗೆ ಹತ್ತು ಹನ್ನೊಂದು ವರ್ಷದ ಹುಡುಗನನ್ನು ಕರಕೊಂಡು ಒಬ್ಬ ತಾಯಿ ಬಂದರು. ಇಡ್ಲಿ ಹೇಳಿದರು, ಸಾಂಬಾರು ಬೇಡವೆಂದರು. ಏಕಮ್ಮಾ ಎಂದು ಕೇಳಿದಾಗ, ಇಂಗಿನ ಡಬ್ಬ ಒಮ್ಮೆ ತೋರಿಸುತ್ತೀರಾ ಎಂದರು. ತರಿಸಿ ತೋರಿಸಿದೆವು. ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದು ಬರೆದಿತ್ತು. ಆ ಹುಡುಗ ಇಡ್ಲಿಯನ್ನು ಮೊಸರಿನಲ್ಲಿ ನೆಂಚಿಕೊಂಡು ತಿಂದ. ತಾಯಿ ಹೇಳಿದ್ದು ಇಷ್ಟೇ: ಹಬ್ಬದ ಊಟ ಹೇಗೋ ಸುಧಾರಿಸುತ್ತದೆ, ದಿನಾ ಶಾಲೆಯ ಡಬ್ಬ ತೆರೆಯುವಾಗಲೇ ಇವನಿಗೆ ಸಂಕಟ, ಎಲ್ಲ ಮಕ್ಕಳೂ ಸ್ಯಾಂಡ್‌ವಿಚ್ ತರುತ್ತಾರೆ. ಬ್ರೆಡ್ ಬೇಕು ಎನ್ನುವವರಲ್ಲಿ ಕೆಲವರಿಗೆ ಅದು ಶೋಕಿಯಲ್ಲ ಎಂದು ನಮಗೆ ಮನದಟ್ಟಾದದ್ದು ಆಗ.

ಈಗ ಮಿತಿಯ ಲೆಕ್ಕ ನೋಡಿ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದ ಪ್ರಕಾರ 'ಗ್ಲುಟೆನ್ ಫ್ರೀ' ಎನ್ನಬೇಕಾದರೆ ಒಂದು ಕಿಲೋ ಪದಾರ್ಥದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ಒಂದು ಟೀ ಚಮಚ ಮೈದಾ ಸುಮಾರು 3 ಗ್ರಾಂ. ಮೈದಾದಲ್ಲಿ ಗ್ಲುಟೆನ್ ನೂರಕ್ಕೆ 8 ಪಾಲು ಎಂದು ಕಡಿಮೆ ಹಿಡಿದರೂ 240 ಮಿಲಿಗ್ರಾಂ ಆಯಿತು. ಅಂದರೆ ಆ ಒಂದು ಚಮಚ ಮೈದಾ ಹಾರಿ ಬಿದ್ದರೆ 12 ಕಿಲೋ ಹಿಟ್ಟು ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಪರೋಟ ಬಡಿಯುವ ಮೇಜಿನ ಸುತ್ತ ಗಾಳಿಯಲ್ಲಿ, ಗೋಡೆಯಲ್ಲಿ, ಹುಡುಗರ ಏಪ್ರನ್ನಿನಲ್ಲಿ ದಿನಕ್ಕೆ ಎಷ್ಟು ಚಮಚ ಮೈದಾ ಕೂರುತ್ತದೆ ಎಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಒಲೆಯ ಬಿಸಿಗೆ ಎಲ್ಲ ಸುಟ್ಟುಹೋಗುತ್ತದೆ ಎನ್ನುವವರಿದ್ದಾರೆ. ಅದು ಸರಿಯಲ್ಲ. ಗ್ಲುಟೆನ್ ಎಂದರೆ ಕ್ರಿಮಿಯಲ್ಲ, ಬೇಯಿಸಿದರೆ ಸಾಯುವುದಿಲ್ಲ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಸಾರಿದ ಮೇಲೆ ರಾಗಿ ಬ್ರೆಡ್, ಜೋಳದ ಬ್ರೆಡ್ ಎಂದು ಬಹಳ ಬಂದಿವೆ. ಒಳ್ಳೆಯದೇ. ಆದರೆ ಪ್ಯಾಕೆಟ್ ತಿರುಗಿಸಿ ಓದಿದರೆ ಎಷ್ಟೋ ಬ್ರೆಡ್ಡುಗಳಲ್ಲಿ ಗೋಧಿ ಅಥವಾ ಮೈದಾ ಮೊದಲು, ರಾಗಿ ಆಮೇಲೆ. ಮೃದುವಾಗಲಿ ಎಂದು ಗ್ಲುಟೆನ್ ಪುಡಿಯನ್ನೇ ಬೇರೆ ಸೇರಿಸಿದ್ದೂ ಇದೆ. ಇಂಥದ್ದನ್ನು ತಂದು ಟೋಸ್ಟ್ ಮಾಡಿ 'ಮಿಲೆಟ್, ಗ್ಲುಟೆನ್ ಫ್ರೀ' ಎಂದು ಬೋರ್ಡ್ ಹಾಕಿದರೆ ಅದು ಸುಳ್ಳಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬಂತೆ ಕಪ್ಪಗಿರುವುದೆಲ್ಲ ಬರಿಯ ರಾಗಿಯಲ್ಲ.

ಹಾಗಾದರೆ ಆ ಹುಡುಗನಿಗೆ ಬ್ರೆಡ್ ಎಲ್ಲಿಂದ? ಅವನ ಮನೆಯಿಂದಲೇ. ಅದಕ್ಕೆ ದೊಡ್ಡ ಮಶಿನ್ ಬೇಡ, ಬೇಕರಿ ವಿದ್ಯೆಯೂ ಬೇಡ. ನಾವು ಮನೆಯಲ್ಲಿ ಮಾಡಿ ನೋಡಿದ್ದೇವೆ. ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಇದು ಚಪಾತಿ ಹಿಟ್ಟಿನ ಜಾತಿಯಲ್ಲ, ಇಡ್ಲಿ ಹಿಟ್ಟಿನ ಜಾತಿ. ಇಡ್ಲಿಯಲ್ಲಿ ಉಬ್ಬಿಸುವ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ. ಉದ್ದು ಕಡಿಮೆಯಾದರೆ ಇಡ್ಲಿ ಕಲ್ಲು. ಗೋಧಿ ಬ್ರೆಡ್ಡಿನಲ್ಲಿ ಆ ಕೆಲಸ ಗ್ಲುಟೆನ್ನಿನದು. ಗ್ಲುಟೆನ್ ತೆಗೆದ ಮೇಲೆ ಆ ಜಾಗಕ್ಕೆ ಬೇರೊಬ್ಬ ಬೇಕು. ಅವನೇ ಇಸಬ್‌ಗೋಲ್. ಹೊಟ್ಟೆ ಕಟ್ಟಿದವರು ರಾತ್ರಿ ನೀರಿಗೆ ಹಾಕಿ ಕುಡಿಯುವ ಅದೇ ಹೊಟ್ಟು, ಎಲ್ಲ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಸಕ್ಕರೆ, ಬಣ್ಣ, ವಾಸನೆ ಸೇರಿಸದ್ದು ಬೇಕು.

ಒಂದು ಬ್ರೆಡ್ಡಿಗೆ ಬೇಕಾದದ್ದು: ಅಕ್ಕಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 100 ಗ್ರಾಂ, ಕಾರ್ನ್‌ಫ್ಲೋರ್ 100 ಗ್ರಾಂ, ಇಸಬ್‌ಗೋಲ್ ಹೊಟ್ಟು 20 ಗ್ರಾಂ, ಸಕ್ಕರೆ 20 ಗ್ರಾಂ, ಉಪ್ಪು 7 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 6 ಗ್ರಾಂ, ಎಣ್ಣೆ ಎರಡು ದೊಡ್ಡ ಚಮಚ, ಬಿಳಿ ವಿನೆಗರ್ ಎರಡು ಟೀ ಚಮಚ, ಉಗುರುಬೆಚ್ಚಗಿನ ನೀರು 400 ಮಿಲಿ. ಹಿಟ್ಟನ್ನು ತೂಕದಲ್ಲೇ ತೆಗೆದುಕೊಳ್ಳಬೇಕು, ಲೋಟದ ಅಳತೆ ನಂಬುವ ಹಾಗಿಲ್ಲ.

ಹಿಟ್ಟಿನ ವಿಷಯದಲ್ಲಿ ಒಂದು ಎಚ್ಚರಿಕೆ ಮುಖ್ಯ. ಗಿರಣಿಗೆ ಅಕ್ಕಿ ಕೊಟ್ಟು ಬೀಸಿಸಬಾರದು. ಅದೇ ಕಲ್ಲಿನಲ್ಲಿ ಸ್ವಲ್ಪ ಮೊದಲು ಯಾರದೋ ಗೋಧಿ ಬೀಸಿರುತ್ತದೆ. ಅಕ್ಕಿಯನ್ನೂ ಜೋಳವನ್ನೂ ಆರಿಸಿ, ತೊಳೆದು, ಬಟ್ಟೆಯ ಮೇಲೆ ಪೂರ್ತಿ ಒಣಗಿಸಿ ಮನೆಯ ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿಯಬೇಕು. ಇಲ್ಲವಾದರೆ ಗ್ಲುಟೆನ್ ಫ್ರೀ ಎಂದು ಪರೀಕ್ಷೆಯಾದ ಪ್ಯಾಕೆಟ್ ಹಿಟ್ಟು ತರಬೇಕು. ಕಾರ್ನ್‌ಫ್ಲೋರ್, ಯೀಸ್ಟ್ ಪ್ಯಾಕೆಟ್ಟುಗಳ ಹಿಂಭಾಗವನ್ನೂ ಓದಬೇಕು. ಜರಡಿ, ಮರದ ಸೌಟು, ಬ್ರೆಡ್ ಟಿನ್ನು ಇವು ಈ ಕೆಲಸಕ್ಕೆ ಬೇರೆಯೇ ಇರಬೇಕು. ಮನೆಯವರಿಗೆ ಚಪಾತಿ ಲಟ್ಟಿಸುವ ಹೊತ್ತಿನಲ್ಲಿ ಇದನ್ನು ಮಾಡಬಾರದು.

ಮಾಡುವ ಕ್ರಮ ಹೀಗೆ. 300 ಮಿಲಿ ನೀರಿಗೆ ಇಸಬ್‌ಗೋಲ್ ಹಾಕಿ ಕಲಕಿ ಹತ್ತು ನಿಮಿಷ ಬಿಟ್ಟರೆ ಗಟ್ಟಿ ಲೋಳೆಯಾಗುತ್ತದೆ. ಉಳಿದ 100 ಮಿಲಿ ನೀರಿನಲ್ಲಿ ಸಕ್ಕರೆ, ಯೀಸ್ಟ್ ಕದಡಿ ನೊರೆ ಬರುವವರೆಗೆ ಇಡಬೇಕು. ಹಿಟ್ಟುಗಳಿಗೆ ಉಪ್ಪು ಸೇರಿಸಿ, ಲೋಳೆ, ಯೀಸ್ಟ್ ನೀರು, ಎಣ್ಣೆ, ವಿನೆಗರ್ ಎಲ್ಲ ಹಾಕಿ ಬಿಳಿ ಗಂಟು ಉಳಿಯದಂತೆ ಐದು ನಿಮಿಷ ಚೆನ್ನಾಗಿ ಕಲಸಬೇಕು. ಹದ ಹೇಗಿರಬೇಕೆಂದರೆ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಮೆದು, ಸುಮಾರು ಉದ್ದಿನ ವಡೆಯ ಹಿಟ್ಟಿನ ಹಾಗೆ. ಇದು ಎಳೆದರೆ ಹಿಗ್ಗುವುದಿಲ್ಲ, ಹೆದರಬಾರದು, ಇನ್ನಷ್ಟು ಹಿಟ್ಟು ಉದುರಿಸಲೂ ಬಾರದು. ಬ್ರೆಡ್ ಗಟ್ಟಿ ಇಟ್ಟಿಗೆಯಾಗುವುದು ಅಲ್ಲೇ.

ಎಂಟು ಇಂಚು ಉದ್ದ ನಾಲ್ಕು ಇಂಚು ಅಗಲದ ಟಿನ್ನಿಗೆ ಎಣ್ಣೆ ಸವರಿ ಹಿಟ್ಟು ತುಂಬಿ, ಒದ್ದೆ ಕೈಯಿಂದ ಮೇಲ್ಭಾಗ ಸಮ ಮಾಡಿ, ಒದ್ದೆ ಬಟ್ಟೆ ಮುಚ್ಚಿಡಬೇಕು. ಗೋಧಿ ಬ್ರೆಡ್ಡಿನ ಹಾಗೆ ಉಬ್ಬಿದ ಮೇಲೆ ಗುದ್ದಿ ಎರಡನೇ ಸಲ ಉಬ್ಬಿಸುವ ಕ್ರಮ ಇದಕ್ಕಿಲ್ಲ, ಒಂದೇ ಸಲ. ಮುಂಬಯಿ, ಚೆನ್ನೈನ ಸೆಕೆಯಲ್ಲಿ ಅರ್ಧ ಮುಕ್ಕಾಲು ಗಂಟೆ ಸಾಕು, ದೆಹಲಿಯ ಚಳಿಯಲ್ಲಿ ಒಂದೂವರೆ ಗಂಟೆಯೂ ಬೇಕಾದೀತು. ಗಡಿಯಾರ ನೋಡುವುದಕ್ಕಿಂತ ಹಿಟ್ಟು ನೋಡಬೇಕು. ಒಂದೂವರೆ ಪಟ್ಟು ಆದ ಕೂಡಲೇ ಒಲೆಗೆ. ಹೆಚ್ಚು ಬಿಟ್ಟರೆ ಹುಳಿ ಹೆಚ್ಚಾದ ಇಡ್ಲಿ ಹಿಟ್ಟಿನಂತೆ ನಡು ಕುಸಿಯುತ್ತದೆ.

ಓವನ್ ಇದ್ದವರು ಮೊದಲೇ ಕಾಯಿಸಿ 200 ಡಿಗ್ರಿಯಲ್ಲಿ 55ರಿಂದ 60 ನಿಮಿಷ ಬೇಯಿಸಬೇಕು. ಓವನ್ ಇಲ್ಲದವರಿಗೆ ಭಾರದ ತಳದ ಹಳೆಯ ಪಾತ್ರೆಯೊಂದು, ಅದಕ್ಕೆ ಬಿಗಿಯಾದ ಮುಚ್ಚಳ ಸಾಕು. ಒಳಗೆ ಒಂದು ಇಂಚು ಕಲ್ಲುಪ್ಪು ಹರಡಿ, ಮೇಲೆ ಒಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ ಕಾಲು ಗಂಟೆ ಕಾಯಿಸಬೇಕು. ಟಿನ್ನು ಇಟ್ಟ ಮೇಲೆ ಮಧ್ಯಮಕ್ಕಿಂತ ಸ್ವಲ್ಪ ಕಡಿಮೆ ಉರಿಯಲ್ಲಿ ಒಂದರಿಂದ ಒಂದೂಕಾಲು ಗಂಟೆ. ಅರ್ಧ ಗಂಟೆಯವರೆಗೆ ಮುಚ್ಚಳ ತೆಗೆಯಲೇ ಬಾರದು. ಇದಕ್ಕೆ ಅನ್ನದ ಕುಕ್ಕರನ್ನು ನೀರಿಲ್ಲದೆ ಕಾಯಿಸುವುದನ್ನು ನಾವು ಹೇಳುವುದಿಲ್ಲ, ಕುಕ್ಕರ್ ಹಾಳಾಗುತ್ತದೆ. ಪಾತ್ರೆಯಲ್ಲಿ ಬೇಯಿಸಿದರೆ ಮೇಲ್ಭಾಗ ಕೆಂಪಾಗುವುದಿಲ್ಲ. ಟಿನ್ನಿನಿಂದ ತೆಗೆದು ಬಿಸಿ ಕಾವಲಿಯ ಮೇಲೆ ಕವುಚಿ ಹಾಕಿದರೆ ಬಣ್ಣ ಬರುತ್ತದೆ.

ಬೆಂದಿದೆಯೇ ಎಂದು ತಿಳಿಯಲು ತಳವನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಶಬ್ದ ಬರಬೇಕು. ನಮ್ಮಲ್ಲಿ ತಕ್ಕಡಿ ಇದ್ದೇ ಇದೆ. ಹಸಿ ಹಿಟ್ಟು ಸುಮಾರು 840 ಗ್ರಾಂ ತೂಗಿದ್ದರೆ ಬೆಂದ ಮೇಲೆ ನೂರು ಗ್ರಾಂನಷ್ಟಾದರೂ ಇಳಿದಿರಬೇಕು. ಆಮೇಲೆ ಎಲ್ಲಕ್ಕಿಂತ ಕಷ್ಟದ ಕೆಲಸ: ಮೂರು ಗಂಟೆ ಸುಮ್ಮನೆ ಬಿಡುವುದು. ಬಿಸಿಯಲ್ಲಿ ಕೊಯ್ದರೆ ಒಳಗೆ ಅಂಟಂಟಾಗಿ, ಬೆಂದಿಲ್ಲವೆಂದು ಬಿಸಾಡಬೇಕು ಎನಿಸುತ್ತದೆ. ಆರಿದ ಮೇಲೆ ಅದೇ ಬ್ರೆಡ್ ಚೆನ್ನಾಗಿ ಹೋಳಾಗುತ್ತದೆ. ಮರುದಿನಕ್ಕೆ ಗಟ್ಟಿಯಾಗುತ್ತದೆ, ಅದು ಅಕ್ಕಿಯ ಗುಣ. ಆದ್ದರಿಂದ ಅಂದೇ ಹೋಳು ಮಾಡಿ ನಡುವೆ ಕಾಗದ ಇಟ್ಟು ಫ್ರೀಜರಿನಲ್ಲಿಟ್ಟು, ಬೇಕಾದಾಗ ಎರಡೆರಡು ತೆಗೆದು ಕಾವಲಿಯ ಮೇಲೆ ಬಿಸಿ ಮಾಡಿದರೆ ಹುಡುಗನ ಡಬ್ಬಕ್ಕೆ ಒಂದು ವಾರದ ಸ್ಯಾಂಡ್‌ವಿಚ್ ಆಯಿತು.

ಜೋಳದ ರೊಟ್ಟಿ ಇದೆ, ಭಾಕರಿ ಇದೆ, ಅಕ್ಕಿ ರೊಟ್ಟಿ ಇದೆ, ನೀರು ದೋಸೆ ಇದೆ, ಇಷ್ಟೆಲ್ಲ ಕಷ್ಟಪಟ್ಟು ಬ್ರೆಡ್ ಏಕೆ ಎಂದು ಹಿರಿಯರು ಕೇಳುತ್ತಾರೆ. ಆರೋಗ್ಯದ ದೃಷ್ಟಿಯಿಂದ ಅವರ ಮಾತು ನೂರಕ್ಕೆ ನೂರು ಸರಿ. ದೊಡ್ಡವರು ಅದರಲ್ಲೇ ಸುಖವಾಗಿ ಇರಬಹುದು. ಆದರೆ ಊಟವೆಂದರೆ ಹೊಟ್ಟೆ ತುಂಬುವುದಷ್ಟೇ ಅಲ್ಲ, ನಾಲ್ಕು ಜನರ ಜೊತೆ ಕೂತು ಅವರು ತಿಂದದ್ದನ್ನು ತಿನ್ನುವುದೂ ಹೌದು. ಪಂಕ್ತಿ ಊಟ ಬಡಿಸಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕೆಲವರು ಕೇಳಬಹುದು: ಇಷ್ಟು ಸುಲಭವಾಗಿದ್ದರೆ ನಾವೇ ಮಾಡಿ ಮಾರಿದರೆ ತಪ್ಪೇನು? ತಪ್ಪು ಬ್ರೆಡ್ಡಿನಲ್ಲಿಲ್ಲ, ಜಾಗದಲ್ಲಿದೆ. ಮನೆಯಲ್ಲಿ ತಾಯಿಯೊಬ್ಬಳು ಎರಡು ಕೈಯಿಂದ ಒಂದು ಬ್ರೆಡ್ ಮಾಡುತ್ತಾಳೆ, ತಿನ್ನುವವನು ಯಾರೆಂದು ಅವಳಿಗೆ ಗೊತ್ತಿದೆ. ನಮ್ಮಲ್ಲಿ ಇಪ್ಪತ್ತು ಕೈ ಓಡಾಡುತ್ತವೆ. ರಜೆಗೆ ಊರಿಗೆ ಹೋದ ಭಟ್ಟರ ಜಾಗಕ್ಕೆ ಬಂದ ಬದಲಿಯವರು ಮೈದಾ ಡಬ್ಬದ ಸೌಟನ್ನೇ ಇದಕ್ಕೂ ಹಾಕಿದರೆ ತಡೆಯುವವರು ಯಾರು? ನಿಜವಾಗಿ ಮಾಡಬೇಕೆಂಬ ಮನಸ್ಸಿದ್ದವರು ಬೇರೆ ಕೋಣೆ, ಬೇರೆ ಮಿಕ್ಸಿ, ಬೇರೆ ಓವನ್, ಬೇರೆ ಜನ ಇಟ್ಟು, ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಕಾನೂನಿನ ಪ್ರಕಾರ ಲೇಬಲ್ ಹಾಕಿ ಮಾಡಲಿ. ಅವರಿಗೆ ನಮ್ಮ ನಮಸ್ಕಾರ. ಅದು ಬೇರೆಯೇ ಧಂಧೆ. ಪರೋಟದ ಮೇಜಿನ ಮೂಲೆಯಲ್ಲಿ ಮಾಡುವ ಧಂಧೆಯಲ್ಲ.

ಹಾಗೆಂದು ನಾವು ಕೈಕಟ್ಟಿ ಕೂರಬೇಕೆಂದಲ್ಲ. ನಮ್ಮಿಂದ ಆಗುವ ಕೆಲಸಗಳು ಇವೆ. ಇವತ್ತೇ ಇಂಗಿನ ಡಬ್ಬ ತಿರುಗಿಸಿ ಓದಿ. ಗೋಧಿ ಇದ್ದರೆ ಅಕ್ಕಿ ಹಿಟ್ಟಿನಲ್ಲಿ ಮಾಡಿದ ಇಂಗಿಗೆ ಬದಲಾಯಿಸಿ, ರುಚಿಗೆ ಏನೂ ಕೊರತೆಯಾಗುವುದಿಲ್ಲ. ಇದೊಂದರಿಂದಲೇ ಸಾಂಬಾರು, ರಸಂ, ಮಜ್ಜಿಗೆಯಲ್ಲಿ ನಾವಾಗಿ ಹಾಕುವ ಗೋಧಿ ತಪ್ಪುತ್ತದೆ. ಇಡ್ಲಿ, ದೋಸೆ ಹಿಟ್ಟಿಗೆ ಮೈದಾ, ರವೆ ಬೆರೆಸುವ ಅಭ್ಯಾಸ ಇದ್ದರೆ ಬಿಡಿ. ಕೇಳಿದ ಗಿರಾಕಿಗೆ ಏನು ಹೇಳಬೇಕೆಂದು ಕ್ಯಾಪ್ಟನ್‌ಗೆ ಕಲಿಸಿ. 'ಎಲ್ಲ ಓಕೆ ಸಾರ್' ಎಂಬ ಉತ್ತರ ನಿಲ್ಲಬೇಕು. 'ಇಡ್ಲಿಯಲ್ಲಿ ಗೋಧಿ ಹಾಕುವುದಿಲ್ಲ, ಆದರೆ ಒಳಗೆ ಮೈದಾ ಕೆಲಸ ನಡೆಯುತ್ತದೆ, ನೀವೇ ತೀರ್ಮಾನಿಸಿ' ಎಂಬ ಉತ್ತರ ಬರಬೇಕು. ಕೇಂದ್ರ ಲೈಸೆನ್ಸ್ ಇದ್ದವರು, ಹತ್ತು ಅಥವಾ ಹೆಚ್ಚು ಕಡೆ ಶಾಖೆ ಇದ್ದವರು ಅಲರ್ಜಿ ತರುವ ಪದಾರ್ಥಗಳನ್ನು ಗಿರಾಕಿಗೆ ತಿಳಿಸಬೇಕೆಂದು 2020ರ ಲೇಬಲ್ ನಿಯಮದಲ್ಲಿ ಇದೆ. ಸಣ್ಣ ಹೋಟೆಲಿನವರಿಗೆ ಕಡ್ಡಾಯ ಇಲ್ಲದಿದ್ದರೂ ಕೇಳಿದವರಿಗೆ ನಿಜ ಹೇಳುವುದಕ್ಕೆ ಕಾನೂನು ಬೇಕೇ?

ಸಂಘದ ವತಿಯಿಂದ ಒಂದು ಕೆಲಸವಾಗಲಿ ಎಂಬುದು ನಮ್ಮ ಸೂಚನೆ. ಮೇಲಿನ ಕ್ರಮವನ್ನು ಕನ್ನಡ, ಹಿಂದಿ, ಮರಾಠಿ, ತಮಿಳು, ತೆಲುಗಿನಲ್ಲಿ ಒಂದು ಚೀಟಿಯಾಗಿ ಅಚ್ಚು ಹಾಕಿಸಿ ಗಲ್ಲೆಯ ಹತ್ತಿರ ಇಡೋಣ. ವರ್ಷಕ್ಕೆ ಎರಡು ಸಲ ಯಾವುದಾದರೂ ಸಭಾಗೃಹದಲ್ಲಿ ಮಧ್ಯಾಹ್ನ ಇಂಥ ಕುಟುಂಬಗಳನ್ನು ಕರೆದು ಮಾಡಿ ತೋರಿಸೋಣ. ನಮ್ಮ ಸದಸ್ಯರ ಮನೆಗಳಲ್ಲಿ ಒಳ್ಳೆಯ ಕೈಯ ಹೆಂಗಸರಿದ್ದಾರೆ, ಅವರು ಮುಂದೆ ಬರಲಿ. ಆ ಚೀಟಿಯ ಕೆಳಗೆ ಒಂದು ಮಾತು ತಪ್ಪದೆ ಇರಲಿ: ಡಾಕ್ಟರ ಪರೀಕ್ಷೆ ಆಗುವ ಮೊದಲೇ ಗೋಧಿ ಬಿಡಬೇಡಿ. ಬಿಟ್ಟು ಆಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೆ ಹೋಗಬಹುದು.

ಇದರಿಂದ ನಮಗೆ ಏನು ಲಾಭ ಎಂದು ಕೇಳಿದರೆ, ಬ್ರೆಡ್ಡಿನ ಲೆಕ್ಕದಲ್ಲಿ ಏನೂ ಇಲ್ಲ. ಆದರೆ ಒಂದು ಮನೆಯಲ್ಲಿ ಒಬ್ಬ ಮಗುವಿಗೆ ಆಗದಿದ್ದರೆ ಇಡೀ ಮನೆಯವರೇ ಹೊರಗೆ ತಿನ್ನುವುದನ್ನು ಬಿಡುತ್ತಾರೆ. ಎಲ್ಲಿ ನಿಜ ಹೇಳುತ್ತಾರೋ ಅಲ್ಲಿಗೆ ಮಾತ್ರ ಅವರು ಮತ್ತೆ ಬರುತ್ತಾರೆ, ಬಂದರೆ ಇಡೀ ಸಂಸಾರ ಬರುತ್ತದೆ. ಪರ ಊರಿಗೆ ಬಂದ ನಮ್ಮ ಹಿರಿಯರು ಇಲ್ಲಿ ನೆಲೆ ನಿಂತದ್ದು ಶುಚಿ ಮತ್ತು ಮಾತು ಈ ಎರಡರ ಮೇಲೆ. ಭಾಷೆ ಬರದಿದ್ದರೂ ಅವರ ತಟ್ಟೆಯ ಮೇಲೆ ಜನಕ್ಕೆ ಸಂಶಯ ಬರಲಿಲ್ಲ. ಹತ್ತಿಪ್ಪತ್ತು ರೂಪಾಯಿ ಹೆಚ್ಚಿನ ಟೋಸ್ಟಿಗಾಗಿ ಆ ಹೆಸರನ್ನು ಅಡವಿಡುವುದು ಜಾಣತನವಲ್ಲ.

ಸದಸ್ಯ ಬಾಂಧವರು ಮೆನು ಕಾರ್ಡಿನಲ್ಲಿ ಆ ಎರಡು ಶಬ್ದ ಅಚ್ಚು ಹಾಕಿಸುವ ಮೊದಲು ತಮ್ಮ ಅಡುಗೆ ಮನೆಯಲ್ಲಿ ಒಂದು ಸುತ್ತು ಬರಲಿ, ರಜೆಯ ದಿನ ಮನೆಯಲ್ಲಿ ಈ ಬ್ರೆಡ್ ಒಂದನ್ನು ಮಾಡಿ ನೋಡಲಿ. ಮಾಡಿದ ಮೇಲೂ ಬೇರೆ ಅಭಿಪ್ರಾಯ ಇದ್ದವರು ಈ ಪತ್ರಿಕೆಗೆ ಬರೆಯಬೇಕಾಗಿ ವಿನಂತಿ. ಚರ್ಚೆಯಾಗಲಿ.